ಕಲ್ಲಿನ ಕೆಳಗಿನ ಗುರುತು

ನಮ್ಮಕ್ಕ ದಿನಕ್ಕೆ ಮೂರು ಸಲ ಮುನ್ನೂರ ಹನ್ನೆರಡು ಮೆಟ್ಟಿಲು ಹತ್ತಿ ಇಳಿಯುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ನಮ್ಮೂರಿನ ಹಳೆಯ ಗಾಥಿಕ್ ಚರ್ಚನ್ನು ನೋಡಲು ಬಂದವರಿಗೆ ಒಳಗಿನದನ್ನೆಲ್ಲ ತೋರಿಸಿ, ಕೊನೆಗೆ ಚಾವಣಿಯ ಮೇಲೆ ನಿಲ್ಲಿಸಿ ಊರು ತೋರಿಸುವ ಗೈಡು ಅವಳು. ನಾನು ಕೆಳಗೆ ಟಿಕೆಟ್ ಕಿಟಕಿಯಲ್ಲಿ ಕೂರುವವಳು. ಅವಳ ಮಂಡಿ ಸವೆದು ಒಂಬತ್ತು ವರ್ಷವಾಯಿತು. ಡಾಕ್ಟರು ಮೆಟ್ಟಿಲು ಹತ್ತಕೂಡದು ಎಂದಾಗ, "ಸರಿ ಡಾಕ್ಟ್ರೇ, ಇನ್ಮೇಲೆ ಬರೀ ಇಳೀತೀನಿ" ಎಂದು ಹೇಳಿ ಬಂದು ಅದೇ ಮಧ್ಯಾಹ್ನ ಮತ್ತೆ ಹತ್ತಿದಳು.

ಹೊಟ್ಟೆಪಾಡಿಗಾಗಿ ಅವಳು ಈ ಕೆಲಸ ಹಿಡಿದಳು ಎಂದು ಯಾರಾದರೂ ತಿಳಿದಿದ್ದರೆ ಅದು ಅವರ ಭೋಳೆತನ. ಸೇಡಿಗಾಗಿ ಹಿಡಿದಳು. ನಮ್ಮ ಅಪ್ಪನ ಹೆಸರಿಗೆ ಒಬ್ಬ ಮಸಿ ಬಳಿದಿದ್ದ. ಆ ಮಸಿಯನ್ನು ಅವನ ಕೈಯಿಂದಲೇ ಒರೆಸಿಸಬೇಕು ಎಂಬುದು ಅವಳ ಹಟ. ಹಾವಿನ ಹಗೆ ಹನ್ನೆರಡು ವರ್ಷ ಅನ್ನುತ್ತಾರೆ. ನಮ್ಮಕ್ಕನ ಮುಂದೆ ಹಾವು ಇನ್ನೂ ಕೂಸು.

ಅಪ್ಪ ಕಲ್ಲುಕುಟಿಗ. ಚಾವಣಿಯ ಸುತ್ತಲಿನ ಕಟಕಟೆ ಶಿಥಿಲವಾಗಿದ್ದಾಗ ಅದನ್ನು ಹೊಸದಾಗಿ ಕಟ್ಟಲು ಅವನನ್ನು ಕರೆದಿದ್ದರು. ಈ ಚರ್ಚಿಗೆ ಹಾಕಿರುವುದು ಪದರಪದರವಾಗಿ ಬೆಳೆದ ಕಲ್ಲು. ಅಪ್ಪ ನಮಗೆ ಅಡುಗೆಮನೆಯಲ್ಲಿ ಕೂತು ನಮ್ಮ ಶಾಲೆಯ ಪುಸ್ತಕಗಳನ್ನೇ ಇಟ್ಟು ತೋರಿಸುತ್ತಿದ್ದ. ಪುಸ್ತಕಗಳನ್ನು ಮಲಗಿಸಿ ಪೇರಿಸಿ ಮೇಲೆ ಕೂತರೆ ಏನೂ ಆಗುವುದಿಲ್ಲ. ನಿಲ್ಲಿಸಿ ಮೇಲೆ ಕೂತರೆ ಹಾಳೆ ಬಿಚ್ಚಿಕೊಳ್ಳುತ್ತದೆ. "ಕಲ್ಲೂ ಅಷ್ಟೇ ಕಣ್ರೇ. ನೆಲದೊಳಗೆ ಹೇಗೆ ಮಲಗಿತ್ತೋ ಗೋಡೆ ಮೇಲೂ ಹಾಗೇ ಮಲಗ್ಬೇಕು. ನಿಲ್ಲಿಸಿದ್ರೆ ಮಳೆ ನೀರು ಪದರದೊಳಗೆ ಇಳಿಯುತ್ತೆ, ಆಮೇಲೆ ಸಿಪ್ಪೆ ಸುಲಿದುಕೊಳ್ಳುತ್ತೆ."

ಉತ್ತರದ ಸಾಲನ್ನು ಅಪ್ಪ ಹಾಗೆ ಕಲ್ಲು ಮಲಗಿಸಿಯೇ ಕಟ್ಟಿದ. ಅಷ್ಟರಲ್ಲಿ ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರ್‌ಗೆ ಅವಸರವಾಯಿತು. ದಕ್ಷಿಣದ ಸಾಲಿಗೆ ತೆಳ್ಳಗಿನ ಚಪ್ಪಡಿಗಳನ್ನು ತರಿಸಿ, ನಿಲ್ಲಿಸಿಬಿಡು ಎಂದ. ಅಪ್ಪ ಕೈ ಹಾಕಲಿಲ್ಲ. ಇಂಜಿನಿಯರ್ ಎಲ್ಲಿಂದಲೋ ಬೇರೆ ಗುಂಪು ಕರೆಸಿ ಒಂದೇ ತಿಂಗಳಲ್ಲಿ ನಿಲ್ಲಿಸಿ ಮುಗಿಸಿದ. ಉದ್ಘಾಟನೆಯಾಯಿತು, ಒಳಗೆ, ಈಗ ನನ್ನ ಕಿಟಕಿಯಿರುವ ಜಾಗದ ಎದುರಿಗೆ, ಅವನ ಹೆಸರಿನ ಫಲಕ ಕೂತಿತು, ಆ ಗುಂಪು ಬಂದ ದಾರಿ ಹಿಡಿದು ಹೋಯಿತು.

ಮೂರನೆಯ ವರ್ಷ ದಕ್ಷಿಣದ ಸಾಲಿನಿಂದ ಮೊಳದುದ್ದದ ಚಕ್ಕೆಯೊಂದು ಕಳಚಿ, ಬಾಗಿಲ ಬಳಿ ಮೇಣದಬತ್ತಿ ಮಾರುವ ಹೆಂಗಸಿನ ಭುಜದ ಮೇಲೆ ಬಿತ್ತು. ಆಕೆಯ ಬಲಗೈ ಹೋಯಿತು. ವಿಚಾರಣೆ ಕೂತಾಗ ಇಂಜಿನಿಯರ್ ಎದ್ದು ನಿಂತು, ಉಗುಳು ಕೂಡ ನುಂಗದೆ ಸಾಲುಗಳನ್ನು ಅದಲುಬದಲು ಮಾಡಿದ. ದಕ್ಷಿಣದ್ದು ಈ ಕಲ್ಲುಕುಟಿಗನದು, ಉತ್ತರದ್ದು ನನ್ನ ಜನ ನನ್ನ ಕಣ್ಣೆದುರು ಕಟ್ಟಿದ್ದು ಎಂದ.

ಅಪ್ಪನ ಹತ್ತಿರ ಇದ್ದದ್ದು ಒಂದೇ ಸಾಕ್ಷಿ. ಪ್ರತಿ ಕಲ್ಲಿನ ಅಡಿಯಲ್ಲಿ, ಗಾರೆಗೆ ತಾಗುವ ಮೈಯಲ್ಲಿ, ಅವನು ತನ್ನ ಗುರುತು ಕೊರೆಯುತ್ತಿದ್ದ. ಒಂದು ಗೆರೆ, ಕೆಳಗೆ ಎರಡು ಚುಕ್ಕಿ. ಗೆರೆ ಅವನು, ಚುಕ್ಕಿಗಳು ನಾವಿಬ್ಬರು. "ಹಾಗಾದ್ರೆ ನಾನೆಲ್ಲಿ?" ಎಂದು ಅಮ್ಮ ಕೇಳಿದ್ದಕ್ಕೆ, "ನೀನು ಸುತ್ತಿಗೆ, ದಿನಾ ತಲೆ ಮೇಲೆ ಬೀಳ್ತೀಯಲ್ಲ" ಎಂದಿದ್ದ. ಗುರುತನ್ನು ಎದುರಿಗೆ ಕಾಣುವಂತೆ ಕೊರೆಯುವುದು ಅವನ ಕಸುಬಿನಲ್ಲಿ ಅವಮಾನ. ಚೆನ್ನಾಗಿ ಮಾಡಿದವನು ಅಡಿಯಲ್ಲೇ ಬರೆಯುತ್ತಾನೆ, ಏಕೆಂದರೆ ಆ ಕಲ್ಲನ್ನು ಯಾರೂ ಎಬ್ಬಿಸಬೇಕಾಗಿ ಬರುವುದಿಲ್ಲ ಎಂಬುದು ಅವರ ಲೆಕ್ಕ. ಆ ಹೆಚ್ಚುಗಾರಿಕೆಯೇ ಅವನ ಕುತ್ತಿಗೆಗೆ ಬಂತು.

"ಉತ್ತರದ ಯಾವ ಕಲ್ಲು ಬೇಕಾದ್ರೂ ಎಬ್ಬಿಸಿ ನೋಡಿ" ಎಂದ ಅಪ್ಪ. ಇಂಜಿನಿಯರ್ ನಕ್ಕ. "ಕಲ್ಲಿನ ಕೆಳಗೆ ಸಹಿ ಹಾಕೋ ಮೂರ್ಖನನ್ನ ನಾನೆಲ್ಲೂ ನೋಡಿಲ್ಲ." ಕೂತಿದ್ದವರೆಲ್ಲ ನಕ್ಕರು. ನನಗಾಗ ಒಂಬತ್ತು ವರ್ಷ, ಅಕ್ಕನಿಗೆ ಹದಿನೈದು. ಹಿಂದಿನ ಬೆಂಚಿನಲ್ಲಿ ಅವಳು ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಉಗುರಿನ ಗುರುತು ವಾರವಿತ್ತು.

ಅಲ್ಲಿಂದಾಚೆ ಅಪ್ಪನಿಗೆ ಯಾವ ಕಟ್ಟಡದಲ್ಲೂ ಕೆಲಸ ಸಿಗಲಿಲ್ಲ. ಹನ್ನೊಂದು ವರ್ಷ ರಸ್ತೆಯಂಚಿಗೆ ಹಾಕುವ ಕಲ್ಲು ಕಡಿದ. ಬೀದಿಯಲ್ಲಿ ಜನ ಅವನನ್ನು "ಕೈಮುರುಕ" ಎಂದು ಕರೆಯುತ್ತಿದ್ದರು. ಅದೇ ಹೆಸರು ಹೊತ್ತುಕೊಂಡು ಸತ್ತ.

ಅಕ್ಕ ಗೈಡಾಗಿ ಸೇರಿದ ದಿನವೇ ಆಡಳಿತ ಮಂಡಳಿಗೆ ಅರ್ಜಿ ಕೊಟ್ಟಳು, ಉತ್ತರದ ಒಂದು ಕಲ್ಲನ್ನು ಎಬ್ಬಿಸಿ ಎಂದು. "ಗಟ್ಟಿಯಾಗಿರುವ ಕಲ್ಲನ್ನು ಎಬ್ಬಿಸುವುದು ಯಾಕೆ?" ಎಂದು ಉತ್ತರ ಬಂತು. ಪ್ರತಿ ವರ್ಷ ಅರ್ಜಿ, ಪ್ರತಿ ವರ್ಷ ಅದೇ ಉತ್ತರ. ದಕ್ಷಿಣದ ಸಾಲು ಉದುರಿದಾಗಲೆಲ್ಲ ಸಿಮೆಂಟು ಮೆತ್ತುತ್ತಾ ಬಂದರು, ಹಲ್ಲುಹುಳುಕಿಗೆ ಲವಂಗ ಇಟ್ಟ ಹಾಗೆ.

ಬೂದಿ ಮುಚ್ಚಿದ ಕೆಂಡ ನಮ್ಮಕ್ಕ. ಚರ್ಚಿನೊಳಗೆ ಅವಳ ಮಾತು ಬೆಣ್ಣೆ. ಚೂಪಾಗಿ ಮೇಲೆ ಕೂಡುವ ಕಮಾನುಗಳು, ಬಣ್ಣದ ಗಾಜಿನಿಂದ ನೆಲಕ್ಕೆ ಬೀಳುವ ಕೆಂಪು ನೀಲಿ ಬಿಸಿಲು, ಹೊರಗಿನಿಂದ ಗೋಡೆಯನ್ನು ಒತ್ತಿ ಹಿಡಿದ ಕಲ್ಲಿನ ತೋಳುಗಳು, ಮಳೆನೀರು ಉಗುಳಲು ಬಾಯಿ ತೆರೆದು ಕೂತ ಕಲ್ಲಿನ ಮೃಗಗಳು, ಎಲ್ಲವನ್ನೂ ಚೆನ್ನಾಗಿ ಹೇಳುತ್ತಾಳೆ. ಚಾವಣಿಗೆ ಬಂದ ಮೇಲೆ ಜನ ಹೊಳೆ, ಸೇತುವೆ, ರೈಲು ನಿಲ್ದಾಣದ ಗಡಿಯಾರ ನೋಡಿ ಹಾ ಎನ್ನುತ್ತಾರೆ. ಅವಳು ಮಾರುಕಟ್ಟೆ ಬೀದಿಯ ಅಂಚಿನಲ್ಲಿ ಓಡುವ ಬಿಳಿ ಕಲ್ಲಿನ ಗೆರೆ ತೋರಿಸಿ, "ಅದೂ ಈ ಕಟಕಟೆ ಕಟ್ಟಿದ ಕೈಯಿಂದಲೇ ಆದದ್ದು" ಎನ್ನುತ್ತಾಳೆ. ಆಮೇಲೆ ಎಲ್ಲರಿಂದ ಎರಡೂ ಸಾಲು ಮುಟ್ಟಿಸುತ್ತಾಳೆ. ದಕ್ಷಿಣದ್ದು ಬೆರಳಿಗೆ ಪುಡಿಯಾಗಿ ಹತ್ತುತ್ತದೆ. ಕೆಳಗಿಳಿಸಿ ಇಂಜಿನಿಯರ್‌ನ ಫಲಕದ ಮುಂದೆ ನಿಲ್ಲಿಸಿ ಕೈ ಒರೆಸಿಕೊಳ್ಳಲು ಕಾಗದ ಕೊಡುತ್ತಾಳೆ. ಇಷ್ಟೇ ಅವಳಿಗೆ ದಕ್ಕಿದ್ದ ಸೇಡು.

ಹೋದ ತಿಂಗಳು ಸಿಡಿಲು ತಡೆಯುವ ತಾಮ್ರದ ಪಟ್ಟಿ ಬದಲಿಸಲು ಇಬ್ಬರು ಕೆಲಸಗಾರರು ಬಂದರು. ಪಟ್ಟಿ ಉತ್ತರದ ಸಾಲಿನ ಕೊನೆಯ ಕಲ್ಲಿನಡಿ ಹಾದುಹೋಗಬೇಕಿತ್ತು. ಮಂಡಳಿಗೆ ಈಗ ಸಿಡಿಲಿನ ಭಯ, ಹಾಗಾಗಿ ಗಟ್ಟಿ ಕಲ್ಲನ್ನು ಎಬ್ಬಿಸಲು ಒಪ್ಪಿತು. ನಮ್ಮಪ್ಪನ ಮಾನಕ್ಕೆ ಏಳದ ಕಲ್ಲು ತಾಮ್ರದ ಪಟ್ಟಿಗೆ ಎದ್ದಿತು. ಸೋಮವಾರ ಸರಪಳಿ ರಾಟೆ ಹಾಕಿ ಎತ್ತಿ, ಪಕ್ಕದ ಗೋಡೆಗೆ ಆತುಕೊಳ್ಳುವಂತೆ ಮರದ ತುಂಡುಗಳ ಮೇಲೆ ವಾಲಿಸಿ, ಗೋಣಿ ಹೊದಿಸಿದರು. ಅಕ್ಕ ಮೇಲಿನಿಂದ ಇಳಿದು ಬಂದು ಟಿಕೆಟ್ ಕಿಟಕಿಯಲ್ಲಿ ತಲೆ ಹಾಕಿ, "ಇದೆ ಕಣೇ. ಎರಡೂ ಚುಕ್ಕಿ ಇವೆ" ಎಂದಳು. ನಾನು ಅಳಲು ಶುರು ಮಾಡಿದೆ. ಅವಳು ಬೈದಳು. "ಅಳೋದು ಆಮೇಲೆ. ಮೊದಲು ಒಳ್ಳೇ ಕಾಗದ ಒಂದು ಹುಡುಕು."

ಆ ಕಾಗದದಲ್ಲಿ ಅವಳು ಇಂಜಿನಿಯರ್‌ಗೆ ಪತ್ರ ಬರೆದಳು. ಮುಪ್ಪಿನಲ್ಲಿ ಹೊಗಳಿಕೆಗೆ ಬಾಯಿ ಬಿಡದ ಗಂಡಸಿಲ್ಲ ಎಂಬುದು ಅವಳ ಸಿದ್ಧಾಂತ. ತಮ್ಮ ಉತ್ತರದ ಸಾಲನ್ನು ನೋಡಿ ಪ್ರವಾಸಿಗರು ಬೆರಗಾಗುತ್ತಿದ್ದಾರೆ, ತಾವೊಮ್ಮೆ ಬಂದು ನಾಲ್ಕು ಮಾತು ಹೇಳಬೇಕು, ಬುಧವಾರ ಮಧ್ಯಾಹ್ನ ಅನುಕೂಲ. ಹೊಗಳಿ ಅಟ್ಟಕ್ಕೇರಿಸುವುದು ಎಂದರೆ ಇದೇ. ಕಲ್ಲನ್ನು ಗುರುವಾರದವರೆಗೆ ಹಾಗೇ ಬಿಡಿ ಎಂದು ಕೆಲಸಗಾರರನ್ನು ಒಪ್ಪಿಸಿದಳು.

ಬುಧವಾರ ಅವನು ಬಂದ. ಎಪ್ಪತ್ತೆಂಟು ವರ್ಷ, ಬೆಳ್ಳಿ ಹಿಡಿಯ ಕೋಲು, ಇಸ್ತ್ರಿ ಮುರಿಯದ ಅಂಗಿ. ಜೊತೆಗೆ ಮಗಳು, ನಮ್ಮಕ್ಕನ ವಯಸ್ಸಿನವಳು. "ಇದನ್ನ ರಿಪೇರಿ ಮಾಡಿಸಿದ್ದು ನಮ್ಮ ತಂದೆಯವರೇ" ಎಂದು ಅವಳು ನನಗೆ ಸಂಭ್ರಮದಿಂದ ಹೇಳಿದಳು. ವಯಸ್ಸಾದವರು ಬಂದರೆ ಮೆಟ್ಟಿಲು ಕಡಿದು, ಎದೆ ನೋವಿದ್ದರೆ ಹತ್ತಬೇಡಿ ಎಂದು ನಾನು ಎಚ್ಚರಿಸಬೇಕು, ಅದು ನನ್ನ ಕೆಲಸ. ಆವತ್ತು ಎಚ್ಚರಿಸಲಿಲ್ಲ. "ಹತ್ತಿ ಸಾರ್, ಗಾಳಿ ಚೆನ್ನಾಗಿದೆ" ಎಂದೆ. ಆಮೇಲೆ ಕಿಟಕಿಗೆ ಬೋರ್ಡು ನೇತುಹಾಕಿ ಅವರ ಹಿಂದೆಯೇ ಹತ್ತಿದೆ.

ಸುರುಳಿ ಮೆಟ್ಟಿಲಲ್ಲಿ ಅವನ ಏದುಸಿರು ನನಗೆ ಕೆಳಗಿನಿಂದ ಕೇಳುತ್ತಿತ್ತು. ಅಕ್ಕ ಪ್ರತಿ ತಿರುವಿನಲ್ಲೂ ನಿಲ್ಲಿಸಿ, "ನಿಧಾನ, ಆತುರ ಇಲ್ಲ. ಮೂವತ್ತು ವರ್ಷ ಕಾದಿದ್ದೀವಿ" ಎನ್ನುತ್ತಿದ್ದಳು. ಅವನಿಗೆ ಅದು ಮರ್ಯಾದೆಯ ಮಾತಾಗಿ ಕೇಳಿಸಿರಬೇಕು, ಖುಷಿಯಿಂದ ತಲೆಯಾಡಿಸಿದ.

ಚಾವಣಿಯಲ್ಲಿ ಹದಿನಾಲ್ಕು ಜನ ಪ್ರವಾಸಿಗರಿದ್ದರು. ಅಕ್ಕ ಅವನನ್ನು ಎಲ್ಲರಿಗೂ ಪರಿಚಯಿಸಿ ಕೇಳಿದಳು, "ಸಾರ್, ಈ ಎರಡು ಸಾಲಿನಲ್ಲಿ ನಿಮ್ಮದು ಯಾವುದು?"

ಅವನು ಉತ್ತರದ ಕಟಕಟೆಯನ್ನು ಹಸುವಿನ ಬೆನ್ನು ತಟ್ಟುವಂತೆ ತಟ್ಟಿದ. "ಇದು. ಒಂದು ಕೂದಲೆಳೆ ಬಿರುಕು ಬಿಟ್ಟಿಲ್ಲ ನೋಡಿ. ನನ್ನ ಜನ, ನನ್ನ ಕಣ್ಣೆದುರು."

"ಆ ಕಡೆಯದು?"

"ಅದು ಯಾವನೋ ಒಬ್ಬ ಕಲ್ಲುಕುಟಿಗಂದು. ಕೆಲಸ ಗೊತ್ತಿಲ್ಲದ ಮನುಷ್ಯ. ಅವನಿಂದ ಪಾಪ ಒಂದು ಹೆಂಗಸು ಕೈ ಕಳ್ಕೊಂಡ್ಳು."

"ಹೌದಾ. ಆ ಕಲ್ಲುಕುಟಿಗ ವಿಚಾರಣೆಯಲ್ಲಿ ಏನೋ ಹೇಳಿದ್ನಂತಲ್ಲ, ಕಲ್ಲಿನ ಕೆಳಗೆ ಸಹಿ ಇದೆ ಅಂತ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದನ್ನು ನಾನು ಆವತ್ತು ಕಣ್ಣಾರೆ ಕಂಡೆ. ಕಟಕಟೆಯ ಮೇಲಿದ್ದ ಕೈಯನ್ನು ಅವನು ಸುಟ್ಟುಕೊಂಡವನಂತೆ ಹಿಂದಕ್ಕೆಳೆದುಕೊಂಡ. ಅಕ್ಕ ಕೆಲಸಗಾರರಿಗೆ ಕಣ್ಸನ್ನೆ ಮಾಡಿದಳು. ಅವರು ಗೋಣಿ ಎಳೆದರು.

ವಾಲಿಸಿದ್ದ ಕಲ್ಲಿನ ಅಡಿಮೈ ಬಿಸಿಲಿಗೆ ಎದುರಾಗಿತ್ತು. ಗಾರೆಯ ಪುಡಿಯನ್ನು ಅಕ್ಕ ಅದಾಗಲೇ ಬ್ರಷ್ಷಿನಿಂದ ತೆಗೆದಿದ್ದಳು. ಒಂದು ಗೆರೆ, ಎರಡು ಚುಕ್ಕಿ. ನಿನ್ನೆ ಕೊರೆದಷ್ಟು ಹರಿತವಾಗಿದ್ದವು. ಅವಳು ಚೀಲದಿಂದ ಅಪ್ಪನ ಉಳಿಯನ್ನು ತೆಗೆದು ಇಂಜಿನಿಯರ್‌ನ ಮಗಳ ಕೈಗೆ ಕೊಟ್ಟಳು. ಅದರ ಹಿಡಿಯ ಮೇಲೂ ಅದೇ ಗೆರೆ, ಅದೇ ಚುಕ್ಕಿಗಳು.

"ಈ ಉಳಿ ಯಾರದು?" ಎಂದು ಮಗಳು ಕೇಳಿದಳು.

"ನಮ್ಮಪ್ಪಂದು. ಕೆಲಸ ಗೊತ್ತಿಲ್ಲದ ಮನುಷ್ಯ ಅಂದ್ರಲ್ಲ ನಿಮ್ಮಪ್ಪ, ಅವರದು" ಎಂದಳು ಅಕ್ಕ. ಆಮೇಲೆ ಅವನ ಕಡೆ ತಿರುಗಿದಳು. "ಕಲ್ಲಿನ ಕೆಳಗೆ ಸಹಿ ಹಾಕೋ ಮೂರ್ಖನನ್ನ ಎಲ್ಲೂ ನೋಡಿಲ್ಲ ಅಂದಿದ್ರಿ. ಈಗ ನೋಡಿ."

ಯಾರೂ ನಗಲಿಲ್ಲ. ಮಗಳು ಉಳಿಯನ್ನೂ ಕಲ್ಲನ್ನೂ ನೋಡಿ, ಕೊನೆಗೆ ತಂದೆಯನ್ನು ನೋಡಿದಳು. ಅವನು ಏನೋ ಹೇಳಲು ಹೋಗಿ ಕೆಮ್ಮಿದ. "ಅಷ್ಟು ಹಳೇದು... ನೆನಪಿಲ್ಲಮ್ಮ" ಎಂದ. ಅವಳು, "ಈಗ ತಾನೇ ನೆನಪಿತ್ತಲ್ಲಪ್ಪ" ಎಂದಳು. ಪಾಪ, ಅವಳ ಮೇಲೆ ನನಗೆ ಕರುಣೆ ಬಂತು. ಅವನ ಮೇಲೆ ಸಾಸಿವೆ ಕಾಳಿನಷ್ಟೂ ಬರಲಿಲ್ಲ, ಬರದಿದ್ದಕ್ಕೆ ನಾಚಿಕೆಯೂ ಆಗಲಿಲ್ಲ.

ಕೋಲನ್ನು ಮಗಳ ಕೈಗೆ ಕೊಟ್ಟು ಅವನು ಗೋಡೆ ಹಿಡಿದು ಇಳಿಯತೊಡಗಿದ. ವಯಸ್ಸಾದವರನ್ನು ಇಳಿಸುವಾಗ ಅಕ್ಕ ಯಾವಾಗಲೂ ಎರಡು ಮೆಟ್ಟಿಲು ಮುಂದೆ ಇಳಿಯುತ್ತಾಳೆ, ಬಿದ್ದರೆ ತನ್ನ ಬೆನ್ನಿನ ಮೇಲೆ ಬೀಳಲಿ ಎಂದು. ಆವತ್ತೂ ಹಾಗೇ ಇಳಿದಳು. ನನಗೆ ಸಿಟ್ಟು ಬಂದು, "ಅವನಿಗೆ ಬೇರೆ ಬೆನ್ನು ಕೊಡ್ತೀಯಾ?" ಎಂದು ಪಿಸುಗುಟ್ಟಿದೆ. "ಇಲ್ಲೇ ಬಿದ್ದು ಸತ್ರೆ ಬರೆಯೋರು ಯಾರೇ?" ಎಂದಳು.

ಕೆಳಗೆ ಬಂದವನೇ ನನ್ನ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಸಿದು, "ನೀರು" ಎಂದ. ಹೂಜಿ ನನ್ನ ಮೊಣಕೈ ಹತ್ತಿರವೇ ಇತ್ತು. ನಾನು ಅದನ್ನು ಈಚೆಗೆ ಎಳೆದುಕೊಂಡೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು, ಆದರೆ ಸರದಿಯಲ್ಲಿ. ಅಕ್ಕ ಪ್ರವಾಸಿಗರ ಅಭಿಪ್ರಾಯದ ಪುಸ್ತಕ ತೆರೆದು ಅವನ ತೊಡೆಯ ಮೇಲಿಟ್ಟಳು. ಮಂಡಳಿಯವರು ಪ್ರತಿ ತಿಂಗಳು ಸಾಲುಸಾಲಾಗಿ ಓದುವ ಪುಸ್ತಕ ಅದೊಂದೇ.

"ಉತ್ತರದ ಸಾಲು ಕಟ್ಟಿದ್ದು ಯಾರು, ದಕ್ಷಿಣದ್ದು ನಿಲ್ಲಿಸಿದ್ದು ಯಾರು, ವಿಚಾರಣೆಯಲ್ಲಿ ಹೇಳಿದ್ದು ಏನು. ಮೂರೇ ಸಾಲು" ಎಂದಳು.

ಅವನು ಮಗಳ ಮುಖ ನೋಡಿದ. ಮಗಳು ತನ್ನ ಪೆನ್ನಿನ ಮುಚ್ಚಳ ತೆಗೆದು ಅವನ ಕೈಗಿಟ್ಟಳು. "ಬರೀರಿ ಅಪ್ಪ."

ಅವನು ಬರೆಯಲು ಶುರು ಮಾಡಿದ. 'ಉತ್ತರದ ಸಾಲನ್ನು ಕಟ್ಟಿದವರು' ಎಂದು ಬರೆದು ನಿಂತ. ಪೆನ್ನಿನ ತುದಿ ಕಾಗದದ ಮೇಲೆ ಸಣ್ಣ ಮಸಿಚುಕ್ಕೆ ಬಿಡುತ್ತಿತ್ತು. ಹೆಮ್ಮೆಯಿಂದ ಬಿಗಿದುಕೊಂಡಿರಬೇಕು ಎಂದುಕೊಂಡೆ. ಅಲ್ಲ. ಅವನು ತಲೆಯೆತ್ತಿ ಅಕ್ಕನನ್ನು ಕೇಳಿದ.

"ಅವನ ಹೆಸರೇನು?"

ಅಕ್ಕನ ಮುಖ ಕಲ್ಲಾಯಿತು. ಇವನ ಹೆಸರನ್ನು ನಾವು ಮೂವತ್ತು ವರ್ಷ ಊಟದ ಜೊತೆ ನುಂಗಿದ್ದೆವು. ಇವನು ಒಬ್ಬ ಮನುಷ್ಯನನ್ನು ಮುಗಿಸಿದ್ದ, ಹೆಸರು ಕೂಡ ಕೇಳದೆ. ಅವಳು ಅವನ ಕಪಾಳಕ್ಕೆ ಬಾರಿಸುತ್ತಾಳೆ ಎಂದುಕೊಂಡೆ, ಬಾರಿಸಲಿ ಎಂದೂ ಬಯಸಿದೆ. ಅವಳು ಬೆಂಚಿನ ಪಕ್ಕ ಆ ಸವೆದ ಮಂಡಿಯನ್ನೂರಿ ಕೂತಳು. ಅಪ್ಪನ ಹೆಸರನ್ನು ಒಂದೊಂದೇ ಅಕ್ಷರವಾಗಿ, ಶಾಲೆಯ ಮಗುವಿಗೆ ಹೇಳಿಕೊಟ್ಟಂತೆ ಹೇಳಿದಳು. ಅವನು ಒಂದೊಂದೇ ಅಕ್ಷರ ಬರೆದ. ಉಳಿದ ಎರಡು ಸಾಲನ್ನೂ ಬರೆದು ಕೆಳಗೆ ಸಹಿ ಹಾಕಿದ.

"ಈಗ ಓದಿ. ಎಲ್ಲರಿಗೂ ಕೇಳ್ಬೇಕು" ಎಂದಳು ಅಕ್ಕ.

ಹದಿನಾಲ್ಕು ಜನರ ಮುಂದೆ, ತನ್ನ ಹೆಸರಿನ ಫಲಕದ ಎದುರಿಗೆ ಕೂತು, ಅವನು ನಮ್ಮಪ್ಪನ ಹೆಸರನ್ನು ಗಟ್ಟಿಯಾಗಿ ಓದಿದ. ಒಣಗಿದ ಗಂಟಲು, ಎರಡನೆಯ ಅಕ್ಷರದಲ್ಲಿ ಸ್ವರ ಒಡೆಯಿತು. ಅಕ್ಕ ಇನ್ನೊಂದು ಸಲ ಎಂದಳು. ಇನ್ನೊಂದು ಸಲ ಓದಿದ.

ಆಮೇಲೆ ನಾನು ನೀರು ಕೊಟ್ಟೆ.