ಬ್ಯಾಟರಿ ಮೇಲೆ ಕಲಿತ ಕೈ

ಗೋದಾಮಿನಲ್ಲಿ ಎಲ್ಲರೂ ಅವಳನ್ನು ಕೊಕ್ಕೆ ಅಕ್ಕ ಎಂದೇ ಕರೆಯುತ್ತಿದ್ದರು. ಕಬ್ಬಿಣದ ಸರಳಿನ ಕಟ್ಟಿಗೆ ಸರಪಳಿ ಬಿಗಿದು, ಮೇಲಿನಿಂದ ಇಳಿದುಬರುವ ಕ್ರೇನಿನ ಕೊಕ್ಕೆಗೆ ಅದನ್ನು ಸಿಕ್ಕಿಸಿ, ಪಕ್ಕಕ್ಕೆ ಸರಿದು ‘ಎತ್ತು’ ಎಂದು ಕೈ ಸನ್ನೆ ಮಾಡುವುದು ಅವಳ ಕೆಲಸ. ಹದಿನಾಲ್ಕು ವರ್ಷ ಅದನ್ನೇ ಮಾಡಿದ್ದಳು. ದಿನಕ್ಕೆ ನೂರು ಸಲ ತಲೆಯೆತ್ತಿ ನೋಡಿ ನೋಡಿ ಕುತ್ತಿಗೆ ಸೋತುಹೋಗಿತ್ತು. “ಇನ್ನೊಂದು ವರ್ಷ ಹೀಗೇ ಮೇಲೆ ನೋಡ್ತಾ ನಿಂತ್ರೆ, ಆಮೇಲೆ ಕೆಳಗೂ ನೋಡಕ್ಕಾಗಲ್ಲ ನೋಡಮ್ಮ” ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಆ ಕೆಲಸ ಬಿಟ್ಟರೆ ಮನೆಯಲ್ಲಿ ಕೂರುವುದೊಂದೇ ದಾರಿ. ಕೂರುವ ಜಾಯಮಾನವಂತೂ ಅವಳದಲ್ಲ.

ಅಷ್ಟರಲ್ಲಿ ಕ್ರೇನ್ ಓಡಿಸುವ ಹಿರಿಯರು ನಿವೃತ್ತರಾಗುವ ಸುದ್ದಿ ಬಂತು. ಮೇಲಿನ ಗಾಜಿನ ಗೂಡಿನಲ್ಲಿರುವ ಅವರ ಕುರ್ಚಿಗೆ ಒಳಗಿನವರೇ ಹೆಸರು ಕೊಡಬಹುದು, ಕಂಪ್ಯೂಟರ್ ಮೇಲೆ ಪರೀಕ್ಷೆ, ನೂರಕ್ಕೆ ಎಪ್ಪತ್ತು ಬಂದವರಲ್ಲಿ ಯಾರು ಹಳಬರೋ ಅವರಿಗೆ ಕುರ್ಚಿ ಎಂದು ನೋಟೀಸು ಹಚ್ಚಿದರು. ಎಲ್ಲರಿಗಿಂತ ಹಳಬಳು ಕೊಕ್ಕೆ ಅಕ್ಕನೇ. ಎಪ್ಪತ್ತು ಬಂದರೆ ಸಾಕು, ಕುತ್ತಿಗೆಯೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ.

ಅವಳು ಹೆಸರು ಬರೆಸಲು ಹೋದಾಗ ಸೂಪರ್‌ವೈಸರ್ ಕಣ್ಣು ಪಿಳಿಪಿಳಿ ಬಿಟ್ಟರು. “ನೀನು ಮೇಲೆ ಹೋಗಿ ಕೂತ್ರೆ ಕೆಳಗೆ ಯಾರಮ್ಮ ನಿಲ್ಲೋದು?”

“ನೀವೇ ನಿಂತ್ಕೊಳ್ಳಿ ಸಾರ್. ಹುಷಾರಾಗಿ ಇಳಿಸ್ತೀನಿ, ತಲೆ ಮೇಲೆ ಹಾಕಲ್ಲ.”

ಹೆಸರು ಕೊಟ್ಟವರು ಅವಳನ್ನು ಬಿಟ್ಟರೆ ನಾಲ್ವರು ಗಂಡಸರು. ಅಭ್ಯಾಸಕ್ಕೆ ಕಚೇರಿಯಲ್ಲಿ ಒಂದು ಕಂಪ್ಯೂಟರ್ ಇಟ್ಟಿದ್ದರು; ಹಿಡಿಕೆ ತಳ್ಳಿ, ತೆರೆಯ ಮೇಲಿನ ಕ್ರೇನಿನಿಂದ ಹೊರೆಯನ್ನು ಗುರುತಿನ ಮೇಲೇ ಇಳಿಸುವ ಪ್ರೋಗ್ರಾಮು ಅದರಲ್ಲಿತ್ತು. ಆದರೆ ಅವರೆಲ್ಲ ಸುತ್ತ ನಿಂತು ನೋಡುವಾಗ ತಪ್ಪು ಮಾಡಲು ಇವಳಿಗೆ ಒಂಥರಾ ಮುಜುಗರ. ಬಾಯಲ್ಲಿ ಬೆಂಕಿ, ಒಳಗೆ ಅಂಜುಬುರುಕಿ! ಪೆನ್‌ಡ್ರೈವಿನಲ್ಲಿ ಆ ಪ್ರೋಗ್ರಾಮನ್ನೂ, ಎರಡು ಹಿಡಿಕೆಗಳಿದ್ದ ಪುಟ್ಟ ಪೆಟ್ಟಿಗೆಯೊಂದನ್ನೂ ಕೇಳಿ ಪಡೆದು ಮನೆಗೆ ತಂದಳು.

ಮನೆಯ ಮಹಡಿಯ ಕೋಣೆಯಲ್ಲಿ ಮೈದುನ ಇದ್ದ. ಹಗಲು ಫೋಟೋ ಪ್ರಿಂಟ್ ಹಾಕುವ ಅಂಗಡಿ, ಸಂಜೆಯಾದರೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಅದಕ್ಕೆಂದೇ ಗೇಮಿಂಗ್ ಲ್ಯಾಪ್‌ಟಾಪ್ ಕೊಂಡಿದ್ದ. ಕೀಲಿಗಳ ಅಡಿಯಲ್ಲಿ ಬಣ್ಣಬಣ್ಣದ ದೀಪ, ಚಾರ್ಜರ್ ಅಂತೂ ಇಟ್ಟಿಗೆ ಗಾತ್ರ. “ತಗೊಳ್ಳಿ ಅತ್ತಿಗೆ, ನಾನು ಬರೋದು ಹೇಗೂ ಸಂಜೆಗೆ” ಎಂದು ಪ್ರೋಗ್ರಾಮ್ ಹಾಕಿಕೊಟ್ಟು, ದಿನಾ ಬೆಳಿಗ್ಗೆ ಅದನ್ನು ಕೆಳಗೆ ಇಟ್ಟುಹೋಗತೊಡಗಿದ.

ಆ ಮನೆಯಲ್ಲಿ ಅತ್ತೆಯದೊಂದು ಕಟ್ಟಪ್ಪಣೆ ಇತ್ತು. ಫೋನಾಗಲಿ ಮತ್ತೊಂದಾಗಲಿ, ಚಾರ್ಜಿಗೆ ಹಾಕಿದ್ದಾಗ ಮುಟ್ಟಕೂಡದು. ಎಲ್ಲೋ ಯಾರದೋ ಫೋನು ಕೈಯಲ್ಲೇ ಸಿಡಿಯಿತೆಂದು ಕೇಳಿದ್ದರು. ಅವತ್ತಿನಿಂದ ಮಗ ಚಾರ್ಜಿಗೆ ಹಾಕಿಕೊಂಡು ಮಾತಾಡಿದರೂ ಸೌಟು ಹಿಡಿದು ಬರುತ್ತಿದ್ದರು. ಸೊಸೆಗೂ ಅದು ಸರಿಯೆನಿಸಿತ್ತು. ಅದರಲ್ಲೂ ಇನ್ನೊಬ್ಬರ ವಸ್ತು, ಕೈ ತಪ್ಪಿ ಏನಾದರೂ ಆದರೆ ಮೈದುನನಿಗೆ ಮುಖ ತೋರಿಸುವುದು ಹೇಗೆ? ಹಾಗಾಗಿ ಮಧ್ಯಾಹ್ನ ಕೆಲಸದಿಂದ ಬಂದು, ಕೈ ತೊಳೆದು, ಲ್ಯಾಪ್‌ಟಾಪಿನಿಂದ ವೈರು ಕಿತ್ತು ಸುತ್ತಿಟ್ಟು, ಆಮೇಲೆ ಕೂರುತ್ತಿದ್ದಳು. ಬ್ಯಾಟರಿ ಮುಗಿಯುವವರೆಗೆ ಒಂದು ಗಂಟೆ. ಅಷ್ಟೇ ಅವಳ ಪಾಠಶಾಲೆ.

ಮೊದಲ ದಿನ ಬಂದದ್ದು ಮೂವತ್ತೆಂಟು. ಆಗಲಿ ಬಿಡು, ಹುಟ್ಟುತ್ತಲೇ ಯಾರು ನಡೆಯುತ್ತಾರೆ ಎಂದುಕೊಂಡಳು. ಒಂದು ವಾರಕ್ಕೆ ನಲವತ್ತೈದಾಯಿತು, ಎರಡು ವಾರಕ್ಕೆ ಐವತ್ತು. ಹಿಡಿಕೆ ಬಿಟ್ಟರೂ ತೆರೆಯ ಮೇಲಿನ ಕ್ರೇನು ತಕ್ಷಣ ನಿಲ್ಲುತ್ತಿರಲಿಲ್ಲ. ತಡವರಿಸಿ, ಜಗ್ಗಿ, ಗುರುತು ದಾಟಿದ ಮೇಲೆ ನಿಲ್ಲುತ್ತಿತ್ತು. ತೂಗಾಡುವ ಹೊರೆ ಅಕ್ಕಪಕ್ಕದ ಕಂಬಕ್ಕೆ ಬಡಿಯುತ್ತಿತ್ತು. ಕಚೇರಿಯಲ್ಲಿ ಆ ನಾಲ್ವರಲ್ಲಿ ಒಬ್ಬನಾದ ಲಾರಿ ಡ್ರೈವರ್ ಎರಡನೇ ದಿನಕ್ಕೇ ಎಪ್ಪತ್ತು ದಾಟಿದನೆಂದು ಸುದ್ದಿ ಬಂತು. ತನ್ನ ಕೈಯೇ ಮಂದವಾಗಿದೆ, ನಲವತ್ತೆರಡಕ್ಕೇ ಮುದುಕಿಯಾದೆ ಎಂದು ತನ್ನನ್ನು ತಾನೇ ಶಪಿಸಿಕೊಂಡಳು. ಯಂತ್ರದಲ್ಲೇನಾದರೂ ದೋಷವಿದ್ದೀತೇ ಎಂದು ಕೇಳಬಹುದಿತ್ತಲ್ಲ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಜನ ಆಡಿಕೊಳ್ಳುವುದಿಲ್ಲವೇ! ಆ ಒಂದು ಗಾದೆ ನಮ್ಮಲ್ಲಿ ಎಷ್ಟು ಜನರ ಬಾಯಿ ಮುಚ್ಚಿಸಿದೆಯೋ ಲೆಕ್ಕವಿಲ್ಲ.

ಆದರೂ ಪಟ್ಟು ಬಿಡುವವಳಲ್ಲ. ಕ್ರೇನು ತಡವಾಗಿ ನಿಲ್ಲುವುದಾದರೆ ತಾನೇ ಮೊದಲು ಬಿಟ್ಟರಾಯಿತು! ಗುರುತು ಇನ್ನೂ ದೂರವಿರುವಾಗಲೇ ಮನಸ್ಸಿನಲ್ಲಿ ‘ಒಂದು’ ಎಂದು ಎಣಿಸಿ ಹಿಡಿಕೆ ಬಿಡುವುದನ್ನು ರೂಢಿಸಿಕೊಂಡಳು. ಐವತ್ತು ಅರವತ್ತಾಯಿತು, ಅರವತ್ತನಾಲ್ಕಾಯಿತು. ಅಲ್ಲಿಗೆ ನಿಂತುಹೋಯಿತು. ಹತ್ತು ದಿನ ಕಳೆದರೂ ಒಂದೇ ಒಂದು ಅಂಕ ಮೇಲೇರಲಿಲ್ಲ.

ಬೀಗದ ಕೀಲಿ ಮಾಡುವ ಗಂಡ ಒಳ್ಳೆಯವನೇ, ಆದರೆ ಸಮಾಧಾನ ಹೇಳುವುದು ಅವನಿಗೆ ಬಾರದು. “ಬಿಟ್ಟಾಕು ಮಾರಾಯ್ತಿ. ಎಳೇ ಕೈಗೆ ಬರೋ ವಿದ್ಯೆ ಅದು. ನಮ್ಮ ಕೈ ಇನ್ನು ಹೊಸದು ಕಲಿಯುತ್ತಾ?” ಅಂದ. ಮಾರನೆಯ ದಿನ ಅವಳು ಹೆಸರು ವಾಪಸ್ ಪಡೆಯುವ ಚೀಟಿ ಬರೆದು ಪರ್ಸಿನಲ್ಲಿಟ್ಟುಕೊಂಡಳು. ಪರೀಕ್ಷೆಗೆ ಇನ್ನು ಐದು ದಿನವಿತ್ತು.

ಅವತ್ತು ಮಧ್ಯಾಹ್ನ ಮೈದುನ ಹಲ್ಲುನೋವೆಂದು ಅಂಗಡಿಯಿಂದ ಬೇಗ ಬಂದ. ಕೆನ್ನೆಗೆ ಕೈ ಒತ್ತಿಕೊಂಡು ಬಾಗಿಲಲ್ಲೇ ನಿಂತು, ಕೊನೆಯ ಸಲವೆಂದು ಆಡುತ್ತಿದ್ದ ಅತ್ತಿಗೆಯ ಹಿಂದಿನಿಂದ ತೆರೆಯನ್ನು ನೋಡಿದ.

“ಅಯ್ಯೋ ಅತ್ತಿಗೆ! ವೈರು ಯಾಕೆ ಹಾಕಿಲ್ಲ?”

“ಚಾರ್ಜ್ ತುಂಬಿದೆಯಲ್ಲಪ್ಪ.”

“ತುಂಬಿದ್ರೇನು? ಬ್ಯಾಟರಿ ಮೇಲೆ ಇದಕ್ಕೆ ಅರ್ಧ ಜೀವ. ಇದು ಜೋರಾಗಿ ಓಡಬೇಕಾದ್ರೆ ಕುಡಿಯೋ ಕರೆಂಟನ್ನ ಬ್ಯಾಟರಿ ಒಂದೇ ಸಲಕ್ಕೆ ಕೊಡಕ್ಕಾಗಲ್ಲ. ಬಿಂದಿಗೆ ತುಂಬಾ ನೀರಿದ್ರೂ ಬಾಯಿ ಸಣ್ಣದಿದ್ರೆ ಸುರಿಯೋದೆಷ್ಟು? ಅದಕ್ಕೇ ಇದು ತನ್ನ ಕೈಕಾಲು ತಾನೇ ಕಟ್ಕೊಂಡು ನಿಧಾನ ಆಗಿಬಿಡುತ್ತೆ. ಅಮ್ಮ ಮಹಡಿ ಹತ್ತಲ್ಲವಲ್ಲ, ನಾನು ಒಂದು ದಿನಾನೂ ಹೀಗೆ ಆಡಲ್ಲ.”

“ಎಲ್ಲಾ ದಿನಾನೂ ಹೀಗೇ ಆಡ್ದೆ ಕಣೋ” ಎಂದಳು ಅವಳು.

ಅವನು ಇಟ್ಟಿಗೆ ಚಾರ್ಜರನ್ನು ತಂದು ಸಿಕ್ಕಿಸಿದ. ಒಳಗಿನ ಫ್ಯಾನು ಗುಯ್ಯೆಂದಿತು. ಅಡುಗೆಮನೆಯಿಂದ ಅತ್ತೆ ಕೂಗು ಹಾಕಿದರು, ಯಾರೂ ಓಗೊಡಲಿಲ್ಲ. ತೆರೆಯ ಮೇಲಿನ ಗೋದಾಮು ನಿಜವಾದ ಗೋದಾಮಿನಂತೆ ಸಲೀಸಾಗಿ ಸರಿಯತೊಡಗಿತು. ನೆಲ ನಿಜಕ್ಕೂ ಡೊಂಕಾಗಿತ್ತು! ಅವಳಿಗೆ ನಗಬೇಕೋ ಅಳಬೇಕೋ ತಿಳಿಯದೆ ಹಿಡಿಕೆ ಹಿಡಿದಳು. ಐದು ಹೊರೆ ಇಳಿಸಿ ಅಂಕ ನೋಡಿದರೆ ನಲವತ್ತೊಂದು.

ಮೈದುನ ಹಲ್ಲುನೋವು ಮರೆತು ಬಾಯಿ ತೆರೆದ. ಆಗಿದ್ದಿಷ್ಟೇ: ಕ್ರೇನು ಈಗ ಹೇಳಿದ ಕ್ಷಣಕ್ಕೆ ನಿಲ್ಲುತ್ತಿತ್ತು, ಅವಳು ಮಾತ್ರ ಮೊದಲಿನ ಹಾಗೆಯೇ ಮುಂಚಿತವಾಗಿ ಹಿಡಿಕೆ ಬಿಡುತ್ತಿದ್ದಳು. ಪ್ರತಿ ಹೊರೆಯೂ ಗುರುತಿಗಿಂತ ಒಂದು ಮಾರು ಹಿಂದೆಯೇ ನಿಂತಿತ್ತು. ಹೊಸದು ಕಲಿಯಲಾರದು ಎನಿಸಿಕೊಂಡ ಕೈ ಬ್ಯಾಟರಿಯ ನಿಧಾನವನ್ನು ಕೂದಲೆಳೆಯಷ್ಟೂ ತಪ್ಪದೆ ಕಲಿತುಬಿಟ್ಟಿತ್ತು.

ಕಲಿಯುವುದಕ್ಕಿಂತ ಮರೆಯುವುದು ಕಷ್ಟ. ಅವಳು ಚೀಟಿ ಹರಿದು ಹಾಕಿ, ನಾಲ್ಕು ದಿನ ರಜೆ ಹಾಕಿದಳು. ವೈರು ಸಿಕ್ಕಿಸಿದ್ದನ್ನು ನೋಡಿ ಅತ್ತೆ ರೇಗಿದರು, ಮುನಿಸಿಕೊಂಡರು, ಕೊನೆಗೆ ಏನಾದರೂ ಸಿಡಿದರೆ ಇರಲಿ ಎಂದು ಒಂದು ಬಕೆಟ್ ಮರಳು ತಂದು ಪಕ್ಕದಲ್ಲಿಟ್ಟು ತಾವೂ ಅಲ್ಲೇ ಕೂತರು. ‘ಒಂದು’ ಎಂದು ಎಣಿಸುವ ಚಾಳಿ ಬಿಡಿಸಲು ಸೊಸೆ ಬೇರೇನಾದರೂ ಮಾತಾಡುತ್ತಲೇ ಆಡುವಳು, ಅತ್ತೆ ಹೂಂಗುಟ್ಟುವರು. ಮೂರನೆಯ ದಿನ ಅರವತ್ತೆಂಟು ಬಂತು, ನಾಲ್ಕನೆಯ ದಿನ ಎಪ್ಪತ್ತೊಂದು.

ಪರೀಕ್ಷೆಯ ದಿನ, ಕೊನೆಯ ಹೊರೆ. ಗುರುತು ಹತ್ತಿರ ಬರುತ್ತಿದ್ದಂತೆ ಅವಳ ಬೆರಳುಗಳು ತಾವಾಗಿ ಸಡಿಲವಾಗತೊಡಗಿದವು. ‘ಈಗಲೇ ಬೇಡ’ ಎಂದು ಹಲ್ಲು ಕಚ್ಚಿ ಹಿಡಿದಳು. ಗೆರೆ ಬಂದ ಮೇಲೆ ಬಿಟ್ಟಳು. ಹೊರೆ ಅಲುಗದೆ ನಿಂತಿತು. ಪರೀಕ್ಷಕರು ಕಾಗದದಲ್ಲಿ ಬರೆದು ಅವಳತ್ತ ತಿರುಗಿಸಿದರು: ಎಪ್ಪತ್ತೆಂಟು.

ಕರೆದೊಯ್ಯಲು ಬಂದ ಗಂಡ ಸೈಕಲ್ ನಿಲ್ಲಿಸಿ ಒಳಗೆ ಬಂದಾಗ ಅವಳು ಗೋದಾಮಿನ ಗೇಟಿನ ಪಕ್ಕದ ಬೆಂಚಿನ ಮೇಲೆ ಬಿಕ್ಕಿಬಿಕ್ಕಿ ಅಳುತ್ತಿದ್ದಳು.

“ಹೋಗ್ಲಿ ಬಿಡೇ, ಇನ್ನೊಂದ್ಸಲ ನೋಡಿದ್ರಾಯ್ತು” ಎಂದ ಗಾಬರಿಯಿಂದ.

“ಪಾಸ್ ಆಗಿದೀನಿ ಕಣ್ರೀ. ಕುರ್ಚಿ ನಂದೇ ಅಂದ್ರು.”

“ಮತ್ತೆ ಅಳೋದ್ಯಾಕೆ?”

ಅವಳು ಎರಡೂ ಅಂಗೈಗಳನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡು ನೋಡಿದಳು. “ನಲವತ್ತು ದಿನ ಇದನ್ನ ಬೈದೆ. ಮಂದ ಕೈ, ಮುದಿ ಕೈ, ಕೆಲಸಕ್ಕೆ ಬಾರದ ಕೈ ಅಂತ. ಪಾಪ, ಅದು ಹೇಳ್ದಂಗೆ ಕೇಳ್ತಾನೇ ಇತ್ತು. ನಾನೊಬ್ಬಳಾದ್ರೂ ನಂಬಬೇಕಿತ್ತಲ್ವಾ?”

ಗಂಡ ಬೆಂಚಿನ ಮೇಲೆ ಪಕ್ಕದಲ್ಲಿ ಕೂತು, ಅವಳ ಕೈ ಮುಟ್ಟಲು ಹೋಗಿ, ತಾನು ಆಡಿದ ಮಾತು ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡ.