ಮಾವನ ಬಂದೂಕಿನ ಘೋಡಾ

ನಮ್ಮ ಸೋದರಮಾವನ ಬಂದೂಕು ವಿಲಾಯತಿಯಲ್ಲಿ ತಯಾರಾಗಿ ಬಂದದ್ದು. ಅದರ ಘೋಡಾ, ಅಂದರೆ ಗುಂಡು ಹಾರಿಸಲು ಬೆರಳಿಟ್ಟು ಎಳೆಯುವ ಕೊಕ್ಕೆ, ಎಷ್ಟು ಬಿಗಿ ಇತ್ತೆಂದರೆ ನಾನು ಮೊದಲ ಸಲ ಎಳೆದಾಗ ಘೋಡಾ ಅಲ್ಲಾಡಲಿಲ್ಲ, ನಾನೇ ಮುಂದಕ್ಕೆ ಜೋಲಿ ಹೊಡೆದು ಎಮ್ಮೆಯ ಮೇವಿನ ಮೇಲೆ ಬಿದ್ದೆ. ಎಮ್ಮೆ ನನ್ನ ಕಿವಿ ನೆಕ್ಕಿ ನೋಡಿ, ತಿನ್ನುವಂಥದ್ದಲ್ಲ ಎಂದು ಬಿಟ್ಟುಬಿಟ್ಟಿತು.

ಆ ಘೋಡಾವನ್ನು ಕಂಪನಿಯವರು ಕೂಡಿಸಿದಂತೆಯೇ ಇಟ್ಟುಕೊಳ್ಳಬೇಕೋ, ತೆಗೆದು ಹಗುರಾದ ಹೊಸದನ್ನು ಹಾಕಿಸಬೇಕೋ ಎಂಬ ತಂಟೆ ಹುಟ್ಟಿದ್ದು ಎರಡನೆಯ ಮಹಾಯುದ್ಧ ಶುರುವಾಗುವ ಒಂದೆರಡು ವರ್ಷ ಮುಂಚೆ. ಕುಷ್ಟಗಿ ಸೀಮೆಯ ನಮ್ಮ ಊರಲ್ಲಿ ದಸರೆಯ ಬನ್ನಿ ಹಬ್ಬದ ದಿನ ಗುಡ್ಡದ ಬಂಡೆಯ ಮೇಲೆ ತೆಂಗಿನಕಾಯಿ ಇಟ್ಟು ಗುರಿ ಹೊಡೆಯುವ ಪದ್ಧತಿ. ಊರಿಗೆ ಒಂದೇ ಬಂದೂಕು, ಪರವಾನಗಿ ಮಾವನದು. ಎಲ್ಲರೂ ಸರದಿಯಂತೆ ಅದರಲ್ಲೇ ಹೊಡೆಯಬೇಕು. ಕಾಯಿ ಒಡೆದವನೇ ಆ ವರ್ಷ ಊರಿಗೆಲ್ಲ ಮೊದಲು ಬನ್ನಿ ಎಲೆ ಕೊಡುವವನು. ಆ ಮಾನ ನಾನು ಹುಟ್ಟುವ ಮುಂಚಿನಿಂದಲೂ ಮಾವನ ಮನೆ ಬಿಟ್ಟು ಹೋಗಿರಲಿಲ್ಲ. ಅವನ ಚಿಕ್ಕಪ್ಪನ ಮಗ, ನನಗೆ ಸಣ್ಣ ಮಾವ, ಪ್ರತಿ ವರ್ಷವೂ ಬಂಡೆಗೇ ಹೊಡೆದು, ಪ್ರತಿ ವರ್ಷವೂ ಗಾಳಿಯನ್ನು ಬೈಯುತ್ತಿದ್ದ.

ಆ ಬೇಸಿಗೆಯಲ್ಲಿ ಬಾವಿಯ ನೀರೆತ್ತುವಾಗ ಎತ್ತು ಬೆದರಿ, ಮಾವನ ತೋರುಬೆರಳು ಹಗ್ಗಕ್ಕೆ ಸಿಕ್ಕಿತು. ಗಾಯ ಮಾಯಿತು, ಬೆರಳಿನ ಜೋರು ಮಾತ್ರ ತಿರುಗಿ ಬರಲಿಲ್ಲ. ರೊಟ್ಟಿ ಮುರಿಯುವಾಗಲೂ ಅದು ಉಳಿದ ಬೆರಳುಗಳ ಹಿಂದೆ ಅಡಗಿ ನಿಲ್ಲುತ್ತಿತ್ತು. ನಡುಬೆರಳಿನಿಂದ ಘೋಡಾ ಎಳೆದು ನೋಡಿದ. ಗುಂಡು ಪಕ್ಕದ ಊರಿನ ಸೀಮೆಗೆ ಹೋಯಿತು.

"ಗಂಗಾವತಿ ಮಿಸ್ತ್ರೀನ ಕೇಳಿ ಬಾರಲೇ ಅಳಿಯಾ," ಎಂದು ಮಾವ ನನ್ನನ್ನು ಕಳಿಸಿದ. ಇಡೀ ಊರಲ್ಲಿ ನನ್ನನ್ನೇ ಆರಿಸಿದ್ದೇಕೆಂದರೆ, ನನ್ನ ತಲೆಯಲ್ಲಿ ಜಾಗ ಖಾಲಿ ಇತ್ತು, ಎಷ್ಟು ಸಲಹೆಯಾದರೂ ಹಿಡಿಸುತ್ತಿತ್ತು.

ಮಿಸ್ತ್ರಿ ಸಾಹೇಬರು ಅಕ್ಕಿ ಗಿರಣಿಯ ಸಾಮಾನು, ಬೀಗ, ಬಂದೂಕು ಎಲ್ಲ ರಿಪೇರಿ ಮಾಡುವವರು. "ಮೊದಲ ತೂಗಿ ನೋಡ್ರಿ," ಎಂದರು. "ಖಾಲಿ ಬಂದೂಕ ಸೀದಾ ನಿಲ್ಲಸ್ರಿ. ಘೋಡಾಕ್ಕ ಒಂದ ತಂಬಿಗಿ ಕಟ್ಟಿ ನೀರ ಸುರುವ್ರಿ. ಎಷ್ಟ ನೀರಿಗೆ ಟಕ್ ಅಂತೈತಿ ನೋಡಿ, ಅದ ತಂಬಿಗಿ ಮಾವನ ಬೆರಳಿಗೆ ಕಟ್ರಿ. ಬೆರಳ ಸೋತ್ರ ನನ್ನ ಕಡೆ ಬರ್ರಿ."

ಮನೆಗೆ ಬಂದು ತಂಬಿಗೆ ಕಟ್ಟಿದೆ. ತುಂಬಿ ಹೊರಚೆಲ್ಲಿದರೂ ಟಕ್ ಇಲ್ಲ. ಕೊಡ ಕಟ್ಟಿದೆ. ಟಕ್ ಎಂದಿತು, ಅದೇ ಹೊತ್ತಿಗೆ ಹಗ್ಗ ಹರಿದು ಕೊಡ ನನ್ನ ಕಾಲ ಮೇಲೆ ಬಿತ್ತು. ಪಡಸಾಲೆ ಕೆರೆಯಾಯಿತು.

"ಬಂದೂಕಿಗೆ ಎಣ್ಣಿನೀರ ಹಾಕಾಕತ್ತೀಯೇನೋ?" ಎಂದು ಅತ್ತೆ ಒಳಗಿಂದ ಕೂಗಿದಳು.

ಮಾವನ ಬೆರಳು ಅರ್ಧ ತಂಬಿಗೆಗೇ ಬಾಗಿತು.

ಇಷ್ಟಾದ ಮೇಲೆ ಹೊಸದು ಹಾಕಿಸುವುದೊಂದೇ ದಾರಿ ಎಂದು ಎಮ್ಮೆಗೂ ಗೊತ್ತಾಗುತ್ತಿತ್ತು. ನಾನು ತಾವರಗೇರಾಕ್ಕೆ ಹೋಗಿ ಪಿಂಚಣಿಯ ಹವಾಲ್ದಾರ ಕಾಕಾನನ್ನೂ ಕೇಳಿದೆ.

"ಕಂಪನಿಯವ್ರಿಗೆ ಬುದ್ಧಿ ಇಲ್ಲೇನೋ ಹುಚ್ಚಪ್ಯಾಲಿ?" ಎಂದ ಆತ. "ಮನಸ್ಸು ಹೊಡಿ ಅನ್ನೂತನಕ ಬೆರಳ ತಡೀಲಿ ಅಂತ ಬಿಗಿ ಇಟ್ಟಾರ. ಹಗುರ ಮಾಡಿದ್ರ ನೊಣ ಕುಂತ್ರೂ ಢಂ ಅಂತೈತಿ!"

ಖರೆ ಎನಿಸಿತು. ಇದನ್ನು ಮಿಸ್ತ್ರಿಗೆ ಹೇಳಲು ಮತ್ತೆ ಗಂಗಾವತಿಗೆ ಹೋದೆ. "ನಿಮ್ಮ ಹವಾಲ್ದಾರರ ಬೆರಳ ಗಟ್ಟಿ ಅದಾವು, ಮಾತಾಡ್ತಾರ," ಎಂದರು ಅವರು. ಅದೂ ಖರೆ ಎನಿಸಿತು. ಹೀಗೆ ಗಂಗಾವತಿಯಲ್ಲಿ ಬದಲಿಸುವ ಪಕ್ಷ, ತಾವರಗೇರಾದಲ್ಲಿ ಉಳಿಸುವ ಪಕ್ಷ, ನಡುವೆ ಮೋಟಾರಿನಲ್ಲಿ ನಿದ್ದೆ. ನಾನು ತಿರುಗುತ್ತಿರುವಾಗ ದಸರೆ ಬಂದೇಬಿಟ್ಟಿತು.

"ನಿನ್ನ ಕಳಿಸಿದ್ದು ಕೇಳಾಕೋ, ಒಪ್ಪಾಕೋ?" ಎಂದ ಮಾವ.

"ಎರಡೂ ಖರೆ ಅನಸ್ತಾವ ಮಾವಾ."

"ಎರಡೂ ಖರೆ ಇದ್ರ ಎರಡ ಬಂದೂಕ ಬೇಕಲೇ!"

ಅತ್ತೆ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟಳು: "ಹೊಡ್ಯಾಕ ಬರಲಾರದ್ದು ಎಷ್ಟ ಛಲೋ ಇದ್ರೇನ್ರಿ? ಹೋಗಿ ಹಾಕಿಸ್ಕೊಂಡ ಬರ್ರಿ."

ಮಾವ ಬಂದೂಕು ಹೊತ್ತುಕೊಂಡು ಗಂಗಾವತಿಗೆ ಹೋದ. ಹೊಸ ಘೋಡಾ ಕೂಡಿಸಿಕೊಂಡು ಬಂದಾಗ ಖಂಡೆ ಪೂಜೆಯ ಹಿಂದಿನ ಸಂಜೆ, ಕತ್ತಲಾಗಿತ್ತು. ಬೆಳಿಗ್ಗೆ ಅತ್ತೆ ನೇಗಿಲು, ಕುಡುಗೋಲು, ಬಂದೂಕು ಎಲ್ಲವನ್ನೂ ಸಾಲಾಗಿ ಇಟ್ಟು ಕುಂಕುಮ ಹಚ್ಚಿ ಪೂಜೆ ಮಾಡಿದಳು. ಪೂಜೆಗೆ ಕೂತ ಆಯುಧವನ್ನು ಬನ್ನಿಯ ದಿನ ಹೊರಡುವವರೆಗೆ ಯಾರೂ ಮುಟ್ಟುವಂತಿಲ್ಲ. ಮಂಗಳಾರತಿ ಮುಗಿದ ಮೇಲೆ ನನಗೆ ಹೊಳೆಯಿತು.

"ಮಾವಾ, ನೀ ಇನ್ನೂ ಒಂದ ಗುಂಡೂ ಹೊಡದ ನೋಡಿಲ್ಲಲ್ಲ!"

"ಈಗ ಹೇಳ್ತೀಯಲೇ, ಪುಣ್ಯಾತ್ಮಾ!"

ಬನ್ನಿಯ ದಿನ ಊರೆಲ್ಲ ಗುಡ್ಡದ ಬುಡದಲ್ಲಿ ಸೇರಿತ್ತು. ಹವಾಲ್ದಾರ ಕಾಕಾನೂ ಬಂದಿದ್ದ. ಮಾವ ಹಳೆಯ ರೂಢಿಯಂತೆ ಕಾಲು ಊರಿ, ಹಲ್ಲು ಕಚ್ಚಿ, ಬಾವಿ ಹಗ್ಗ ಜಗ್ಗುವವನಂತೆ ಭುಜ ಬಿಗಿದು ಘೋಡಾಕ್ಕೆ ಬೆರಳಿಟ್ಟ. ಇಡುವುದರೊಳಗೆ ಢಂ! ಗುಂಡು ಎಲ್ಲಿ ಹೋಯಿತೋ ಆ ಗುಡ್ಡಕ್ಕೇ ಗೊತ್ತು. ಬೆರಳು ಸೋತಿತ್ತು, ಜಗ್ಗುವ ರೂಢಿ ಸೋತಿರಲಿಲ್ಲ.

"ನೊಣ ಕುಂತಿತ್ತೇನಪಾ?" ಎಂದ ಹವಾಲ್ದಾರ ಕಾಕಾ.

ಸಣ್ಣ ಮಾವ ನಗುತ್ತ ಬಂದೂಕು ಇಸಕೊಂಡ. ಅವನಿಗೂ ಅದೇ ಗತಿ. ಉಳಿದವರಿಗೂ ಅದೇ. ನನ್ನ ಗುಂಡಂತೂ ಮೋಡಕ್ಕೆ ಹೋಯಿತು. ಮಳೆ ಬರಬಹುದೆಂದು ಕೊಡೆ ಹುಡುಕಿದೆ. ಯಾರೂ ಕಾಯಿ ಒಡೆಯದಿದ್ದರೆ ಸರದಿ ಮತ್ತೆ ಮೊದಲಿನವನಿಗೇ ಎಂಬುದು ಊರ ನೇಮ.

ಮಾವ ಈ ಸಲ ಹಲ್ಲು ಕಚ್ಚಲಿಲ್ಲ. ಭುಜ ಸಡಿಲ ಬಿಟ್ಟು, ಬಹಳ ಹೊತ್ತು ಸುಮ್ಮನೆ ಗುರಿ ನೋಡಿ, ತೊಟ್ಟಿಲ ಕೂಸಿನ ಗಲ್ಲ ಮುಟ್ಟುವವನಂತೆ ಬೆರಳು ತಾಗಿಸಿದ. ಕಾಯಿ ಚೂರಾಯಿತು.

ನಾನು ಕಾಕಾನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಅವನು ಹೇಳಿದ್ದು ಮೊದಲ ಗುಂಡಿಗೆ ಖರೆ, ಮಿಸ್ತ್ರಿ ಹೇಳಿದ್ದು ಎರಡನೆಯದಕ್ಕೆ ಖರೆ. ನನ್ನ ತಲೆ ಮತ್ತೆ ಗಂಗಾವತಿ ಮೋಟಾರು ಹತ್ತಿತು.

ಸಣ್ಣ ಮಾವ ಮಾತ್ರ ಹಿರಿಯರ ಮುಂದೆ ನಿಂತು ತಕರಾರು ತೆಗೆದ: "ಇದು ನ್ಯಾಯಲ್ಲರಿ. ಈ ಬಂದೂಕ ಹ್ವಾದ ವರ್ಷದ್ದಲ್ಲ!"

ಮಾವ ಬನ್ನಿ ಎಲೆಗಳನ್ನು ಬೆರಳಲ್ಲಿ ಹಿಡಿಯಲಾರದೆ ಬೊಗಸೆಯಲ್ಲಿ ತುಂಬಿಕೊಂಡು, ಮೊದಲು ಅವನ ಕೈಗೇ ಸುರಿದ.

"ಬೆರಳೂ ಹ್ವಾದ ವರ್ಷದ್ದಲ್ಲೋ ತಮ್ಮಾ," ಎಂದ.