ಮಾಸಿಗೆ ಹತ್ತಿದ ಜ್ವರ

ಮಿಯಾಪುರದ ಬಸ್ ಸ್ಟಾಪಿನಲ್ಲಿ ಬೀದರ್ ಬಸ್ಸಿಗೆ ಕಾಯುತ್ತಿದ್ದೆವು. ಟಾರು ಮೆತ್ತಗಾಗುವಂಥ ಬಿಸಿಲು. ಆ ಬಿಸಿಲಲ್ಲಿ ನನ್ನ ಅಕ್ಕ ನಡುಗುತ್ತಿದ್ದಳು.

ಹಿಂದಿನ ದಿನವಷ್ಟೇ ಅವಳ ಕುಬಸ, ಅಂದರೆ ಸೀಮಂತ, ಆಗಿತ್ತು. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಫ್ಲ್ಯಾಟಿನ ತುಂಬ ಹೆಂಗಸರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಅವ್ವ ಅವಳನ್ನು ಕರೆದೊಯ್ಯಲು ಬಂದಿದ್ದಳು. ದಿನ ತುಂಬಲು ಇನ್ನೂ ಒಂದು ತಿಂಗಳಿತ್ತು. ಭಾವ ಮಾದಾಪುರದ ಸಾಫ್ಟ್‌ವೇರ್ ಕಂಪನಿಗೆ ಹೋಗಿದ್ದರು. ಆ ಹೊಸ ಗಾಜಿನ ಕಟ್ಟಡದೊಳಗೆ ಮೊಬೈಲ್ ಒಯ್ಯುವಂತಿರಲಿಲ್ಲ. ಅಕ್ಕನ ಮನೆಯಲ್ಲಿದ್ದುಕೊಂಡು ಎಂ.ಸಿ.ಎ. ಓದುತ್ತಿದ್ದ ನಾನು ಬ್ಯಾಗು ಹಿಡಿದು ಬಂದಿದ್ದೆ.

"ಅವ್ವಾ, ಚಳಿ ಭಾಳ ಆಗಾಕತ್ತೈತಿ," ಎಂದಳು ಅಕ್ಕ.

"ನಿನ್ನಿ ಅಷ್ಟು ಮಂದಿ ನೋಡ್ಯಾರ, ದೃಷ್ಟಿ ಆಗೈತಿ. ಊರಿಗೆ ಹೋದಕೂಡ್ಲೆ ತಗೀತೀನಿ ತಡಿ."

ಅಕ್ಕನ ಕುತ್ತಿಗೆ ಮುಟ್ಟಿದೆ. ಸುಡುತ್ತಿತ್ತು. ಅವಳು ನನ್ನ ಕಿವಿಯಲ್ಲಿ ಹೇಳಿದಳು: "ಮೊನ್ನಿಂದ ನೀರು ಜಿನಗಾಕತ್ತೈತಿ. ಅವ್ವಗ ಹೇಳಿದ್ರ, ಬಸುರಿಗೆ ಮೂತ್ರ ತಡಿಯಂಗಿಲ್ಲ, ಅಷ್ಟ ಅಂದ್ಲು. ಇವತ್ತ ವಾಸನಿ ಬರಾಕತ್ತೈತಿ."

ಅಷ್ಟರಲ್ಲಿ ಬಸ್ಸು ಬಂತು.

"ಅವ್ವಾ, ಬಸ್ಸು ಬ್ಯಾಡ, ದವಾಖಾನಿಗೆ ಹೋಗೂಣು," ಎಂದೆ.

"ಉಡಿ ತುಂಬಿ ಹೊಸ್ತಲ ದಾಟಿಸೀನಿ. ಇನ್ನ ತಿರುಗಿ ಹೋಗಬಾರದು. ಓದಿದ್ದು ಹೆಚ್ಚಾತು ನಿನಗ."

"ಮನಿಗೆ ಯಾರು ಹೊಂಟಾರ? ದವಾಖಾನ್ಯಾಗೇನು ನೀ ಉಡಿ ತುಂಬಿದ್ದಿ?"

"ಜಲ್ದಿ ಎಕ್ಕಂಡಿ ಅಮ್ಮಾ!" ಬೇಗ ಹತ್ತಿರೆಂದು ಕಂಡಕ್ಟರ್ ತೆಲುಗಿನಲ್ಲಿ ಕೂಗಿದ. ಅವ್ವ ಒಂದು ಕಾಲು ಮೆಟ್ಟಿಲ ಮೇಲಿಟ್ಟು ಅಕ್ಕನ ಕೈ ಎಳೆದಳು. ಅಕ್ಕ ಅಲ್ಲೇ ಬ್ಯಾಗಿನ ಮೇಲೆ ಕುಸಿದು ಕೂತಳು. "ನನ್ನ ಕೈಲೆ ಆಗಂಗಿಲ್ಲಬೇ."

ಅವ್ವ ಅವಳ ಮುಖ ನೋಡಿದಳು. ಕಾಲು ಕೆಳಗಿಟ್ಟಳು. ಬಸ್ಸು ಹೊರಟುಹೋಯಿತು.

ಆಟೋದಲ್ಲಿ ಹತ್ತಿರದ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಹೊಟ್ಟೆ ಒತ್ತಿದರೆ ಅಕ್ಕ ಚೀರಿದಳು. ಯಂತ್ರದಲ್ಲಿ ಕೂಸಿನ ಎದೆಬಡಿತ ಓಡುತ್ತಿತ್ತು. ಅಷ್ಟು ಜೋರಾಗಿದೆಯಲ್ಲ, ಕೂಸು ಗಟ್ಟಿಯಾಗಿದೆ ಎಂದುಕೊಂಡೆ. ಡಾಕ್ಟರಮ್ಮನ ಮುಖ ನೋಡಿದ ಮೇಲೆ ಹಾಗೆನಿಸಲಿಲ್ಲ.

"ಪಾನಿ ಕಬ್ ಸೇ ಜಾ ರಹಾ ಹೈ?" ನೀರು ಯಾವಾಗಿನಿಂದ ಹೋಗುತ್ತಿದೆ ಎಂದು ಅವರು ಹಿಂದಿಯಲ್ಲಿ ಕೇಳಿದರು.

"ಪರ್‌ಸೋ ಸೇ," ಮೊನ್ನೆಯಿಂದ, ಎಂದೆ.

ಅದು ಮೂತ್ರವಲ್ಲ, ನೀರಿನ ಚೀಲ ಹರಿದು ಸೋರುತ್ತಿದೆ ಎಂದರು ಅವರು. ಚೀಲ ಗಟ್ಟಿಯಿರುವತನಕ ಅದು ಕೂಸಿಗೆ ಕಾವಲು. ಹರಿದರೆ ಕೆಳಗಿನ ಬ್ಯಾಕ್ಟೀರಿಯಾಗಳಿಗೆ ದಾರಿ ತೆರೆಯುತ್ತದೆ. ಅವು ಮೇಲೇರಿ ಪೊರೆಗೂ ಮಾಸಿಗೂ ಸೋಂಕು ಹತ್ತಿಸಿವೆ. ತಾಯಿಯ ರಕ್ತದಿಂದ ಕೂಸಿಗೆ ಉಸಿರು, ಅನ್ನ ದಾಟಿಸುವ ಮಾಸು ಅದು. ಕೂಸಿನ ಎದೆ ಅಷ್ಟು ಜೋರಾಗಿ ಓಡುತ್ತಿರುವುದೂ ಅದರಿಂದಲೇ. ಔಷಧಿ ಒಂದೇ ಸಾಲದು, ಕೂಸನ್ನು ಹೊರಗೆ ತೆಗೆಯಲೇಬೇಕು.

ಆಪರೇಷನ್ ಕೋಣೆಗೆ ಒಯ್ಯುವ ಮುಂಚೆ ನರ್ಸು ಅಕ್ಕನ ಹಸಿರು ಬಳೆಗಳನ್ನು ಸೋಪು ಹಚ್ಚಿ ಒಂದೊಂದಾಗಿ ಜಾರಿಸಿದಳು. ಕಡೆಯದು ಬರಲಿಲ್ಲ. ಒಡೆಯಲೇ ಎಂಬಂತೆ ನರ್ಸು ಅವ್ವನ ಕಡೆ ನೋಡಿದಳು. ಬಾಣಂತಿಯಾಗುವತನಕ ಆ ಬಳೆ ಒಡೆಯಬಾರದೆಂದು ನಿನ್ನೆಯಷ್ಟೇ ಎಲ್ಲರಿಗೂ ಹೇಳಿದ್ದ ಅವ್ವ, "ಒಡೀರಿ, ಲಗೂನ ಒಡೀರಿ," ಎಂದಳು.

ಬಾಗಿಲ ಹೊರಗೆ ಕಿವಿಗೊಟ್ಟು ನಿಂತೆವು. ಬಟ್ಟೆಯಲ್ಲಿ ಸುತ್ತಿದ್ದನ್ನು ಎತ್ತಿಕೊಂಡು ಯಾರೋ ನಮ್ಮೆದುರೇ ಪಕ್ಕದ ಕೋಣೆಗೆ ಓಡಿದರು. ಅಳು ಕೇಳಿಸಲಿಲ್ಲ. ಇಂದಿಗೂ ನನಗೆ ಎಚ್ಚರದಲ್ಲೇ ಕಾಣಿಸುವುದು ಅದೇ. ಬಟ್ಟೆಯೊಳಗಿಂದ ಹೊರಚಾಚಿದ್ದ ಒಂದು ಪಾದ, ಬೂದಿ ಬಣ್ಣದ್ದು.

ಆಮೇಲೆ, ಎಷ್ಟು ಹೊತ್ತಿನ ಮೇಲೋ, ಆ ಕೋಣೆಯಿಂದ ಬೆಕ್ಕಿನ ಮರಿಯಂಥ ಸದ್ದು ಬಂತು. ಅವ್ವ ನನ್ನ ತೋಳು ಹಿಡಿದು, "ನಮ್ಮದೇ ಏನು? ಕೇಳಿ ಬಾ," ಎಂದಳು. ಕೇಳಲು ನನಗೆ ಧೈರ್ಯವಾಗಲಿಲ್ಲ. ಅವಳೇ ಹೋಗಿ ಬಾಗಿಲು ತಟ್ಟಿದಳು.

"ಹೌದು, ನಿಮ್ಮದೇ," ಎಂದಳು ನರ್ಸು.